ಸಿಕ್ಸ್ ಪ್ಯಾಕ್ ಮತ್ತು ಈಜು

ಪ್ರತಿ ಆಗಸ್ಟ್‌ನಲ್ಲಿ ಊರಿನಿಂದ ಹೊಸ ಹುಡುಗರು ಬಂದಿಳಿದಾಗ ಅವರು ನಮ್ಮನ್ನು ಮೊದಲು ಕೇಳೋದು ಎರಡೇ ಪ್ರಶ್ನೆ. ದಿನಸಿ ಎಲ್ಲಿ ಸಿಗುತ್ತೆ? ಜಿಮ್ ಎಲ್ಲಿದೆ? ಮೊದಲನೆಯದಕ್ಕೆ ಡೆವನ್ ಅವೆನ್ಯೂ ದಾರಿ ಹೇಳುತ್ತೇವೆ. ಎರಡನೆಯದು ಕ್ಯಾಂಪಸ್‌ನಲ್ಲೇ ಇದೆ, ದುಡ್ಡು ಫೀಸಿನಲ್ಲೇ ಸೇರಿರುತ್ತೆ. ಡೆಟ್ರಾಯ್ಟ್ ಕಡೆಯ ಗೆಳೆಯರದ್ದೂ ಇದೇ ಕಥೆ. ಸಂಕ್ರಾಂತಿ ಹೊತ್ತಿಗೆ ಅರ್ಧ ಸಂಘ ಕನ್ನಡಿ ಮುಂದೆ ತೋಳು ಮಡಚಿ ನಿಂತಿರುತ್ತದೆ. ನಾವೂ ನಿಂತವರೇ, ಹಾಗಾಗಿ ನಗುವ ಹಕ್ಕು ನಮಗಿಲ್ಲ.

ಚಿಕಾಗೋಗೂ ಈ ಹುಚ್ಚಿಗೂ ಹಳೆಯ ನಂಟು. ಕ್ಯೂಬಾ ಬಿಟ್ಟು ಬಂದ ಸೆರ್ಜಿಯೋ ಒಲಿವಾ ಇದೇ ಊರಿನಲ್ಲಿ ಮೈ ಕಟ್ಟಿ 1967ರಿಂದ ಸತತ ಮೂರು ವರ್ಷ ಮಿಸ್ಟರ್ ಒಲಿಂಪಿಯಾ ಆದ. 1970ರಲ್ಲಿ ಅವನನ್ನು ಸೋಲಿಸಿದ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಸಿನಿಮಾದಲ್ಲಿ ಬೆಳೆದು ಕ್ಯಾಲಿಫೋರ್ನಿಯಾದ ಗವರ್ನರ್ ಕೂಡ ಆದ. ಒಲಿವಾ ಚಿಕಾಗೋ ಪೊಲೀಸ್ ಆಗಿ ಸಂಬಳಕ್ಕೆ ದುಡಿದ. ನಮ್ಮ ಹುಡುಗರ ಫೋನಿನಲ್ಲಿ ಯಾರ ಫೋಟೋ ಇದೆ ಅಂತ ಬೇರೆ ಹೇಳಬೇಕಿಲ್ಲ.

ನಾವು ಬರೆಯಲು ಕೂತದ್ದು ಮಾತ್ರ ಅನಿಲ್ ಮತ್ತು ಉದಯ್ ಬಗ್ಗೆ. ಈ ವರ್ಷ ಬಂದ ಜೂನಿಯರ್‌ಗಳಲ್ಲಿ ಕೆಲವರಿಗೆ ಆ ಹೆಸರುಗಳೇ ಗೊತ್ತಿರಲಿಲ್ಲ.

ಮೈ ಬೆಳೆಸಿಕೊಂಡು ಗಾಂಧಿನಗರಕ್ಕೆ ಬರುವ ಹುಡುಗನಿಗೆ ನಮ್ಮ ಸಿನಿಮಾ ಕೊಡುವ ಕೆಲಸ ಸಾಮಾನ್ಯವಾಗಿ ಒಂದೇ: ಖಳನ ಹಿಂದೆ ನಿಲ್ಲೋದು, ಹೀರೋ ಕೈಲಿ ಒದೆ ತಿನ್ನೋದು. ಅವನ ಶರ್ಟು ಬಿಚ್ಚಿಸೋದೂ ಹೀರೋ ಎಂಥಾ ಮೈಯನ್ನು ಕೆಡವಿದ ಅಂತ ತೋರಿಸೋಕೆ. ಸಣ್ಣಪುಟ್ಟ ಪಾತ್ರಗಳಿಂದ ಮೇಲೆ ಬಂದ ವಿಜಯ್ 2007ರ ‘ದುನಿಯಾ’ದಿಂದ ಹೀರೋ ಆದರು. ಅವರ ಗೆಳೆಯರಾದ ಈ ಇಬ್ಬರೂ ಅದೇ ಏಣಿ ಹತ್ತುತ್ತಿದ್ದರು. 2013ರ ‘ಜಯಮ್ಮನ ಮಗ’ದಲ್ಲಿ ಉದಯ್ ಖಳನಾಗಿ ಗಮನ ಸೆಳೆದಿದ್ದರು.

2016ರ ನವೆಂಬರ್ 7, ತಿಪ್ಪಗೊಂಡನಹಳ್ಳಿ ಜಲಾಶಯ, ‘ಮಾಸ್ತಿಗುಡಿ’ ಶೂಟಿಂಗ್. ಹೆಲಿಕಾಪ್ಟರ್‌ನಿಂದ ಮೂವರೂ ನೀರಿಗೆ ಹಾರಿದರು. ವಿಜಯ್ ಬದುಕಿ ದಡ ಸೇರಿದರು. ಲೈಫ್ ಜಾಕೆಟ್ ಇಲ್ಲದೆ ಹಾರಿದ್ದ ಅನಿಲ್, ಉದಯ್ ಸೇರಲಿಲ್ಲ. ಶವಗಳು ಸಿಗೋಕೆ ದಿನಗಳೇ ಹಿಡಿದವು. ಮಾರನೇ ರಾತ್ರಿ ನೋಟು ರದ್ದಾಗಿ ಇಡೀ ದೇಶ ಬ್ಯಾಂಕಿನ ಕಡೆ ಓಡಿತು. ತಮಗೆ ಈಜು ಅಷ್ಟಕ್ಕಷ್ಟೇ ಅಂತ ಅವರು ಹಾರುವ ಮೊದಲೇ ಟಿವಿ ಕ್ಯಾಮೆರಾ ಮುಂದೆ ಹೇಳಿಕೊಂಡಿದ್ದರು. ಅಷ್ಟು ಜನ ಕೇಳಿಸಿಕೊಂಡರೂ ಶಾಟ್ ನಿಲ್ಲಲಿಲ್ಲ.

“ಅವರೇ ಒಪ್ಪಿ ಹಾರಿದ್ದಲ್ವಾ” ಅಂತ ನಮ್ಮಲ್ಲೇ ಒಬ್ಬ ವಾದ ಮಾಡಿದ. ಒಪ್ಪದೆ ಇನ್ನೇನು ಮಾಡಬೇಕಿತ್ತು? ವರ್ಷಗಟ್ಟಲೆ ಕಾದು ಸಿಕ್ಕ ಅವಕಾಶ. ಗೈಡ್ ಮುಂದೆ ‘ಆಗಲ್ಲ’ ಅನ್ನೋಕೆ ಹೋಗಿ, ವೀಸಾ ನೆನಪಾಗಿ ಸುಮ್ಮನಾಗುವ ನಮಗೆ ಇದು ಅರ್ಥವಾಗಬೇಕು.

ಇನ್ನೊಂದು ವಿಷಯ, ಇದು ಬರೀ ಭೌತಶಾಸ್ತ್ರ. ಒಂದು ಲೀಟರ್ ನೀರಿನ ತೂಕ 1000 ಗ್ರಾಂ. ಅಷ್ಟೇ ಗಾತ್ರದ ಕೊಬ್ಬು ಸುಮಾರು 900 ಗ್ರಾಂ, ಸ್ನಾಯು ಸುಮಾರು 1060. ಅಂದರೆ ಕೊಬ್ಬು ಕರಗಿಸಿ ಸ್ನಾಯು ತುಂಬಿಕೊಂಡ ಮೈಗೆ ತೇಲೋದು ಹೆಚ್ಚು ಕಷ್ಟ. ಪರದೆ ಮೇಲೆ ಯಾರನ್ನು ಬೇಕಾದರೂ ಎತ್ತಿ ಎಸೆಯುವಂತೆ ಕಾಣುವ ದೇಹಕ್ಕೆ ನೀರಿನಲ್ಲಿ ಸಣಕಲನಿಗಿಂತ ಜಾಸ್ತಿ ಸಹಾಯ ಬೇಕು. ಇದು ಸ್ಟಂಟ್ ಮಾಡಿಸುವವರಿಗೆ ಗೊತ್ತಿರಬೇಕಾದ ಪಾಠ.

ಹಾಲಿವುಡ್ ಸಾಚಾ ಅಂತ ಹೇಳುತ್ತಿಲ್ಲ. 1982ರಲ್ಲಿ ‘ಟ್ವೈಲೈಟ್ ಝೋನ್’ ಶೂಟಿಂಗ್‌ನಲ್ಲಿ ಹೆಲಿಕಾಪ್ಟರ್ ಬಿದ್ದು ನಟ ವಿಕ್ ಮಾರೋ, ಜೊತೆಗೆ ಇಬ್ಬರು ಪುಟ್ಟ ಮಕ್ಕಳು ಸತ್ತರು. 1987ರಲ್ಲಿ ಕೋರ್ಟು ನಿರ್ದೇಶಕನನ್ನೂ ಉಳಿದವರನ್ನೂ ಬಿಟ್ಟಿತು. ಆದರೆ ಆ ದುರಂತದ ಬಳಿಕ ಸೆಟ್ಟಿನ ಸುರಕ್ಷತಾ ನಿಯಮಗಳು ಬಿಗಿಯಾದವು. ನಮ್ಮಲ್ಲಿ ‘ಮಾಸ್ತಿಗುಡಿ’ 2017ರ ಮೇ ತಿಂಗಳಲ್ಲಿ ತೆರೆಗೆ ಬಂತು. ಸಹಕಲಾವಿದರಿಗೆ ವಿಮೆ, ನೀರಿನ ದೃಶ್ಯಕ್ಕೆ ರಕ್ಷಣಾ ದೋಣಿ, ಈಜು ಬಾರದವನನ್ನು ನೀರಿಗಿಳಿಸದಿರೋದು: ಇಷ್ಟನ್ನಾದರೂ ಪ್ರೇಕ್ಷಕರಾದ ನಾವು ಕೇಳಬಹುದಿತ್ತು. ನಾವು ಆ ಕೊನೆಯ ವಿಡಿಯೋವನ್ನು ಫಾರ್ವರ್ಡ್ ಮಾಡಿದೆವು.

ನಮ್ಮ ಸಂಘದಲ್ಲಿ ಎಷ್ಟು ಜನಕ್ಕೆ ಈಜು ಬರುತ್ತೆ ಅಂತ ಮೊನ್ನೆ ಕೈ ಎತ್ತಿಸಿದೆವು. ಹತ್ತೊಂಬತ್ತು ಜನರಲ್ಲಿ ನಾಲ್ಕು ಕೈ. ಇದೇ ಗುಂಪು ಬೇಸಿಗೆ ಬಂದರೆ ಮಿಷಿಗನ್ ಸರೋವರದ ದಡದಲ್ಲಿರುತ್ತದೆ. ಸಮುದ್ರದಂತೆ ಅಲ್ಲೂ ಸೆಳವು ಏಳುತ್ತದೆ. ಕ್ಯಾಂಪಸ್ ಈಜುಕೊಳದ ಕಲಿಯುವವರ ತರಗತಿಗೆ ಆರು ಮಂದಿ ಹೆಸರು ಕೊಟ್ಟಿದ್ದೇವೆ, ಮಂಗಳವಾರ ಸಂಜೆ ಏಳಕ್ಕೆ. ಬರುವವರು ಸಂಘದ ಗ್ರೂಪಿನಲ್ಲಿ ತಿಳಿಸಿ.