ತಟ್ಟೆಯಿಲ್ಲದ ಸೇವಕರು

ದೇವಸ್ಥಾನದಲ್ಲಿ ವಾದ್ಯ ನುಡಿಸುವವನ ಮಾತೆತ್ತಿದರೆ ಸಾಕು, ಆಡಳಿತದವರ ಬಾಯಿಂದ ಮೊದಲು ಹೊರಡುವ ಶಬ್ದ ‘ಸೇವೆ’. ಸಂಬಳ ಕೇಳಿದರೆ ಸೇವೆ, ರಜೆ ಕೇಳಿದರೆ ಸೇವೆ, ಮುಪ್ಪಿನ ಆಸರೆ ಕೇಳಿದರೂ ಸೇವೆಯೇ. ಅದೇ ದೇವಸ್ಥಾನದ ಗುಮಾಸ್ತನಿಗೆ ಈ ಉಪದೇಶವನ್ನು ಯಾರೂ ಮಾಡುವುದಿಲ್ಲ. ಪವಿತ್ರವಾದ ಶಬ್ದವೊಂದು ಅನ್ಯಾಯಕ್ಕೆ ಹೊದಿಕೆಯಾಗಿದೆ ಎಂಬುದೇ ನನ್ನ ಆಕ್ಷೇಪ.

ಕೇಂದ್ರ ಸರ್ಕಾರದ ನೌಕರಿಯ ನಿಮಿತ್ತ ವೈಟ್ಟಿಲದಲ್ಲಿ ನೆಲೆಸಿರುವ ನನಗೆ ಎರಡು ದೊಡ್ಡ ಕ್ಷೇತ್ರಗಳು ಸಮೀಪ: ಎರ್ನಾಕುಳಂ ಶಿವಾಲಯ ಮತ್ತು ತೃಪ್ಪೂಣಿತ್ತುರದ ಪೂರ್ಣತ್ರಯೀಶ. ವೃಶ್ಚಿಕೋತ್ಸವದಲ್ಲಿ ಚೆಂಡೆಮೇಳ ಕೇಳಲು ಜನ ಕಿಕ್ಕಿರಿಯುತ್ತಾರೆ. ಕೇರಳದ ಚೆಂಡೆಗೆ ದೇಶದ ಮನ್ನಣೆಯೂ ಸಂದಿದೆ; ಮಟ್ಟನ್ನೂರು ಶಂಕರನ್ ಕುಟ್ಟಿಯವರಿಗೆ 2009ರಲ್ಲಿ, ಪೆರುವನಂ ಕುಟ್ಟನ್ ಮಾರಾರರಿಗೆ 2011ರಲ್ಲಿ ಪದ್ಮಶ್ರೀ ಬಂದಿತು. ಸಂತೋಷವೇ. ಆದರೆ ಉತ್ಸವ ಮುಗಿದ ಮರುದಿನ ನಸುಕಿನಲ್ಲಿ, ಕೇಳುವವರಿಲ್ಲದ ಅಂಗಳದಲ್ಲಿ, ಸೋಪಾನದ ಬದಿಗೆ ನಿಂತು ಇಡಕ್ಕ ನುಡಿಸಿ ಹಾಡುವವನು ಬೇರೆ. ಅವನ ಚೆಂಡೆಯಿಲ್ಲದೆ ಶ್ರೀಬಲಿ ಹೊರಡುವಂತಿಲ್ಲ. ಬೆಳಗು, ಮಧ್ಯಾಹ್ನ, ಸಂಜೆ ಎಂದು ಅವನ ದಿನ ಹರಿದು ಹಂಚಿಹೋಗುವುದರಿಂದ ಬೇರೆ ಕಸುಬು ಹಿಡಿಯಲೂ ಬಿಡುವಿಲ್ಲ. ಪೂಜೆಗೆ ಅನಿವಾರ್ಯನಾದವನು ಲೆಕ್ಕದ ಪುಸ್ತಕದಲ್ಲಿ ಮಾತ್ರ ಏಕೆ ಐಚ್ಛಿಕ?

ಹಿಂದೆ ಹೀಗಿರಲಿಲ್ಲ. ನಮ್ಮ ಶಾಸನಗಳಲ್ಲಿ ‘ಅಂಗಭೋಗ ರಂಗಭೋಗ’ ಎಂಬ ಜೋಡಿಪದ ಮತ್ತೆ ಮತ್ತೆ ಬರುತ್ತದೆ. ದೇವರ ಅಲಂಕಾರ ನೈವೇದ್ಯಗಳಿಗೆ ದತ್ತಿ ಬಿಟ್ಟವರು ಗೀತ ವಾದ್ಯ ನೃತ್ಯಗಳಿಗೂ ಬಿಟ್ಟರು. ಹನ್ನೊಂದನೆಯ ಶತಮಾನದ ಆರಂಭದ ತಂಜಾವೂರಿನ ರಾಜರಾಜನ ಶಾಸನವು ಇನ್ನೂ ಸ್ಪಷ್ಟ. 400 ಮಂದಿ ನರ್ತಕಿಯರಿಗೆ ತಲಾ ಒಂದು ಮನೆ, ವರ್ಷಕ್ಕೆ 100 ಕಲಂ ಭತ್ತದ ಪಾಲು. ವಾದ್ಯಗಾರರಿಗೂ ಗೊತ್ತುಪಡಿಸಿದ ಪಾಲು. ಸತ್ತವನ ಜಾಗಕ್ಕೆ ಹತ್ತಿರದ ಬಂಧು. ಅವನಿಗೆ ಯೋಗ್ಯತೆ ಇಲ್ಲದಿದ್ದರೆ ಯೋಗ್ಯನಾದ ಬೇರೊಬ್ಬ. ಸಾವಿರ ವರ್ಷದ ಹಿಂದಿನ ಈ ಸೇವಾನಿಯಮ ನಮ್ಮ ಇಂದಿನ ಎಷ್ಟು ಆಡಳಿತ ಮಂಡಳಿಗಳಲ್ಲಿದೆ?

ಭೂಸುಧಾರಣೆಯಿಂದ ಉಂಬಳಿ ಭೂಮಿ ಹೋಯಿತು. ಉಳುವವನಿಗೆ ಹೊಲ ಸಿಕ್ಕಿದ್ದು ನ್ಯಾಯವೇ. ಆದರೆ ಭೂಮಿ ಹೋದರೂ ಅದಕ್ಕೆ ಅಂಟಿದ್ದ ದುಡಿಮೆ ಉಳಿಯಿತು. ಅನ್ನದ ಮೂಲ ತಪ್ಪಿದಲ್ಲಿ ನಗದು ವೇತನ ಬರಬೇಕಿತ್ತು. ಹಲವೆಡೆ ಬಂದದ್ದು ‘ಸೇವೆ’ ಎಂಬ ಶಬ್ದ.

ಗಡಿ ಬದಲಾದಾಗ ಏನಾಗುತ್ತದೆಂದು ಕಾಸರಗೋಡಿನ ಕನ್ನಡಿಗರನ್ನು ಕೇಳಬೇಕು. ಸಂವಿಧಾನದ 290ಎ ವಿಧಿಯಂತೆ ತಿರುವಿದಾಂಕೂರು ದೇವಸ್ವಂ ನಿಧಿಗೆ ಕೇರಳದ ಸಂಚಿತ ನಿಧಿಯಿಂದ ವರ್ಷಕ್ಕೆ 46.5 ಲಕ್ಷ ರೂಪಾಯಿ ಸಲ್ಲಬೇಕು. ಮದರಾಸಿನ ದಕ್ಷಿಣ ಕನ್ನಡದಿಂದ 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಪಾಲಿಗೆ ಅಂಥ ವಿಧಿಯಿಲ್ಲ. ಮಧೂರಿನಂಥ ಕ್ಷೇತ್ರಗಳಿಗೆ ಅನ್ವಯಿಸುವುದು ಇಂದಿಗೂ 1951ರ ಮದರಾಸು ಕಾಯಿದೆ. ಮಲಬಾರ್ ದೇವಸ್ವಂ ಮಂಡಳಿ ರಚನೆಯಾದದ್ದು 2008ರಲ್ಲಿ. ಉಳಿದ ಮಂಡಳಿಗಳಿಗೆ ಸಮನಾದ ವೇತನ ಬೇಕೆಂದು ಅಲ್ಲಿನ ನೌಕರರು ಕೇಳುತ್ತಲೇ ಬಂದಿದ್ದಾರೆ. ಅದೇ ಪೂಜೆ, ಅದೇ ಬಲಿ, ಅದೇ ಚೆಂಡೆ. ಹಳೆಯ ರಾಜ್ಯಗಳ ಎಲ್ಲೆಗಳು ಇಂದಿನ ಹೊಟ್ಟೆಯನ್ನು ಅಳೆಯುವುದು ಯಾವ ಧರ್ಮ?

ತಾಯ್ನಾಡನ್ನು ಹೊಗಳಿ ಮುಗಿಸುವಂತೆಯೂ ಇಲ್ಲ. 2025-26ರ ಬಜೆಟ್ಟಿನಲ್ಲಿ ಕರ್ನಾಟಕ ಸರ್ಕಾರವು ‘ಸಿ’ ವರ್ಗದ ದೇವಸ್ಥಾನಗಳ ಅರ್ಚಕರ ವಾರ್ಷಿಕ ತಸ್ತೀಕನ್ನು 60,000 ರೂಪಾಯಿಯಿಂದ 72,000ಕ್ಕೆ ಏರಿಸಿತು. ತಿಂಗಳಿಗೆ 6,000, ಅದೂ ಅಲ್ಪವೇ. ಆದರೂ ಅರ್ಚಕರ ಹೆಸರು ಕಡತದಲ್ಲಿದೆ, ಕೈಯಲ್ಲಿ ಆರತಿ ತಟ್ಟೆಯಿದೆ. ಹೊರಗೆ ನಿಂತು ಓಲಗ ಊದುವವನಿಗೆ ತಟ್ಟೆಯಿಲ್ಲ. ಕರಾವಳಿಯಲ್ಲಿ ತಲೆಮಾರುಗಳಿಂದ ವಾದ್ಯ ಹಿಡಿದ ದೇವಾಡಿಗರ ಮಕ್ಕಳು ಬೇರೆ ಕೆಲಸ ಹುಡುಕಿ ಹೊರಟರೆ ‘ಸಂಪ್ರದಾಯ ಅಳಿಯಿತು’ ಎಂದು ನಿಟ್ಟುಸಿರಿಡುವ ಹಕ್ಕು ನಮಗಿಲ್ಲ. ತೆರವಾದ ಜಾಗಕ್ಕೆ ವಿದ್ಯುತ್ತಿನಿಂದ ಬಡಿದುಕೊಳ್ಳುವ ನಗಾರಿ ಯಂತ್ರ ಬಂದು ಕುಳಿತಿದೆ. ಯಂತ್ರಕ್ಕೆ ವಿದ್ಯುತ್ ಬಿಲ್ಲು ಕಟ್ಟುವ ಆಡಳಿತಕ್ಕೆ ಮನುಷ್ಯನಿಗೆ ಕೊಡಲು ಹಣವಿಲ್ಲ!

ಸಣ್ಣ ದೇವಸ್ಥಾನಗಳಿಗೆ ಆದಾಯವಿಲ್ಲವೆಂಬುದು ನಿಜವಾದ ತೊಡಕು. ಅದಕ್ಕೆ ಉತ್ತರ ಶ್ರೀಮಂತ ಕ್ಷೇತ್ರಗಳ ಹಣದಿಂದ ಕಟ್ಟುವ ಸಾಮಾನ್ಯ ವೇತನ ನಿಧಿ. ಬಡ ದೇವಸ್ಥಾನದ ಬಡತನವನ್ನು ಅದರ ವಾದ್ಯಗಾರನ ಹೆಗಲಿಗೆ ಹೊರಿಸುವುದಲ್ಲ. ಸಂಬಳ ಕೊಟ್ಟರೆ ಭಕ್ತಿ ಕೆಡುತ್ತದೆ ಎನ್ನುವವರೂ ಇದ್ದಾರೆ. ಹಸಿವಿನಿಂದ ಭಕ್ತಿ ಬೆಳೆಯುವುದಾದರೆ ಆ ಪ್ರಯೋಗವನ್ನು ಆಡಳಿತ ಮಂಡಳಿಯವರು ತಮ್ಮಿಂದಲೇ ಆರಂಭಿಸಲಿ.

ನಮ್ಮಂಥ ಸರ್ಕಾರಿ ನೌಕರರು ಜನವರಿ, ಜುಲೈ ಬಂತೆಂದರೆ ತುಟ್ಟಿಭತ್ಯೆಯ ಲೆಕ್ಕ ಹಾಕುತ್ತೇವೆ. 2025ರಲ್ಲಿ ಎಂಟನೆಯ ವೇತನ ಆಯೋಗವೂ ರಚನೆಯಾಯಿತು. ನಮಗೆ ಹಕ್ಕಾದದ್ದು ಅವನಿಗೆ ಭಿಕ್ಷೆಯಾಗಬಾರದು. ಬೇಕಾದದ್ದು ಇಷ್ಟೆ: ಲಿಖಿತ ನೇಮಕಾತಿ ಆದೇಶ, ಕನಿಷ್ಠ ವೇತನಕ್ಕೆ ಇಳಿಯದ ಸಂಬಳಶ್ರೇಣಿ, ವಾರದ ರಜೆ ಮತ್ತು ಆ ದಿನಕ್ಕೆ ಬದಲಿ ವಾದ್ಯಗಾರ, ಭವಿಷ್ಯನಿಧಿ, ಉಪದಾನ, ಚಿಕಿತ್ಸೆಯ ವ್ಯವಸ್ಥೆ. ಕುಲ ನೋಡದೆ ಕೈಯ ವಿದ್ಯೆ ನೋಡಿ ನೇಮಕ.

ಹೊರನಾಡಿನ ಸಂಘಗಳು ಇದರಲ್ಲಿ ಪ್ರೇಕ್ಷಕರಾಗಿ ಉಳಿಯಬೇಕಿಲ್ಲ. ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆಂದು ರಶೀದಿ ಪುಸ್ತಕ ನಮ್ಮ ಬಾಗಿಲಿಗೂ ಬರುತ್ತದೆ. ಹಣ ಕೊಡುವ ಮೊದಲು ಒಂದು ಪ್ರಶ್ನೆ ಕೇಳೋಣ: ನಿಮ್ಮಲ್ಲಿ ವಾದ್ಯ ನುಡಿಸುವವರಿಗೆ ತಿಂಗಳಿಗೆ ಎಷ್ಟು ಕೊಡುತ್ತೀರಿ? ಉತ್ತರ ಬರೆದು ಬಂದ ಮೇಲೆ ಕಾಣಿಕೆ ಕಳಿಸೋಣ. ಗೋಪುರಕ್ಕೆ ಬಂಗಾರದ ಕಲಶ ಏರುವುದು ಒಂದು ವರ್ಷ ತಡವಾದರೆ ದೇವರು ಮುನಿಯುವುದಿಲ್ಲ.