ಊರಿನ ಮಳೆ, ಮುಂಬಯಿಯ ಮಳೆ

ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ನಮ್ಮ ಸಂಘದ ವಾಚನಾಲಯದಲ್ಲಿ ಪ್ರತಿವರ್ಷವೂ ಒಂದು ವಾದ ಹುಟ್ಟಿಕೊಳ್ಳುತ್ತದೆ. ಕಿಟಕಿಯಾಚೆ ನೀರು ಸುರಿಯುತ್ತಿದ್ದರೆ ಉಡುಪಿಯ ಕಡೆಯವರು, "ಇದೂ ಒಂದು ಮಳೆಯೇ? ಆಟಿಯಲ್ಲಿ ನಮ್ಮೂರಿಗೆ ಬಂದು ನೋಡಿ" ಎನ್ನುತ್ತಾರೆ. ತೀರ್ಥಹಳ್ಳಿಯವರು ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಕಾಣುವ ಆಗುಂಬೆಯನ್ನು ಹೆಸರಿಸಿ ಅವರ ಬಾಯಿ ಕಟ್ಟುತ್ತಾರೆ. ವಿಜಯಪುರದವರು ಮಾತ್ರ ವಾದಕ್ಕಿಳಿಯದೆ ಕಿಟಕಿಯ ಬಳಿ ನಿಂತು ನೋಡುತ್ತಾರೆ. ಗುರ್ಜಿಯನ್ನು ತಲೆಯ ಮೇಲೆ ಹೊತ್ತು ಮನೆಮನೆ ತಿರುಗಿ ಮಳೆಯನ್ನು ಬೇಡಿದ ನಾಡಿನವರಿಗೆ ಯಾವ ಮಳೆಯೂ ಹೆಚ್ಚೆನಿಸದು.

ಈ ವಾದವನ್ನು ನಾನೂ ಬಹುಕಾಲ ನಗುತ್ತಲೇ ಕೇಳಿದ್ದೆ. 2005ರ ಜುಲೈ 26ರ ಬಳಿಕ ಆ ನಗು ಉಳಿದಿಲ್ಲ. ಅಂದು ಪುಷ್ಯ ಮಳೆ. ಮರುದಿನ ಬೆಳಗಿನವರೆಗಿನ 24 ಗಂಟೆಗಳಲ್ಲಿ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ದಾಖಲಾಯಿತು, ಅದೇ ಅವಧಿಯಲ್ಲಿ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 74 ಮಿ.ಮೀ. ಫೋರ್ಟಿನ ಕಚೇರಿಗಳಲ್ಲಿದ್ದ ನಮಗೆ ಉಪನಗರಗಳು ಮುಳುಗುತ್ತಿರುವ ಅರಿವೇ ಇರಲಿಲ್ಲ. ರಾತ್ರಿ ಇಲ್ಲೇ ಉಳಿಯಿರಿ ಎಂದ ಸಹೋದ್ಯೋಗಿಯ ಮಾತನ್ನು, ಕರಾವಳಿಯಲ್ಲಿ ಹುಟ್ಟಿದವನು ಮಳೆಗೆ ಹೆದರುವುದುಂಟೇ ಎಂಬ ಹಮ್ಮಿನಿಂದ ತಳ್ಳಿಹಾಕಿ ನಾನು ಹೊರಟೆ. ಸಾಯನ್‌ನಲ್ಲಿ ರೈಲು ನಿಂತಿತು. ಅಲ್ಲಿಂದ ನಡೆದು ಕುರ್ಲಾ ಸಮೀಪಿಸುವಾಗ ನೀರು ಎದೆಮಟ್ಟಕ್ಕೆ ಬಂದಿತ್ತು. ಕಾಲ ಕೆಳಗಿರುವುದು ರಸ್ತೆಯೋ ಬಾಯ್ದೆರೆದ ಗಟಾರವೋ ತಿಳಿಯದೆ ನಿಂತ ಆ ಗಳಿಗೆಯಲ್ಲಿ ಊರಿನ ಮಳೆ ಕಲಿಸಿದ ಯಾವ ವಿದ್ಯೆಯೂ ನೆರವಿಗೆ ಬರಲಿಲ್ಲ. ಅಪರಿಚಿತರು ಹಗ್ಗ ಕಟ್ಟಿ ದಾಟಿಸಿದರು. ಆ ದುರಂತದಲ್ಲಿ ಮುಂಬಯಿಯೊಂದರಲ್ಲೇ ನಾನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ನಮ್ಮ ಹಿರಿಯರ ಮಳೆವಿದ್ಯೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಮಲೆನಾಡಿನ ಗೊರಬು, ಕಂಬಳಿಕೊಪ್ಪೆ, ಆಟಿಗೆಂದು ಕೂಡಿಟ್ಟ ಹಪ್ಪಳ ಸಂಡಿಗೆ, ನೀರಿಗೆ ದಾರಿ ಬಿಟ್ಟು ಕಟ್ಟಿದ ಮನೆ, ಇವೆಲ್ಲ ಒಂದು ನೆಲವನ್ನು ತಲೆಮಾರುಗಳಿಂದ ಅರಿತವರ ವಿವೇಕ. ಆದರೆ ಆ ವಿವೇಕ ಆ ನೆಲಕ್ಕೆ ಸೇರಿದ್ದು. ಮುಂಬಯಿಯ ನೆಲವೇ ಬೇರೆ. ಏಳು ದ್ವೀಪಗಳ ನಡುವಿನ ಕಡಲನ್ನು ತುಂಬಿಸಿ ಕಟ್ಟಿದ ನಗರವಿದು. ಇಲ್ಲಿನ ಹಳೆಯ ಮಳೆಗಟಾರಗಳು ಗಂಟೆಗೆ 25 ಮಿ.ಮೀ. ಮಳೆಯನ್ನಷ್ಟೇ ಲೆಕ್ಕಕ್ಕೆ ಹಿಡಿದವು, ಅದೂ ಕಡಲು ಇಳಿದಿರುವಾಗ. ಅಂದು ಮಧ್ಯಾಹ್ನ ಭರತವು ಸುಮಾರು ನಾಲ್ಕೂವರೆ ಮೀಟರಿಗೆ ಏರಿ, ಹೊರಹೋಗಬೇಕಾದ ನೀರಿಗೆ ಬಾಗಿಲು ಮುಚ್ಚಿತ್ತು. ವಿಹಾರ್, ಪೊವಾಯಿ ಕೆರೆಗಳ ಹೆಚ್ಚುವರಿ ನೀರನ್ನು ಮಾಹಿಮ್ ಕೊಲ್ಲಿಗೆ ಒಯ್ಯುವ ಮೀಠಿ ನದಿಯನ್ನು ಒತ್ತುವರಿ ಮತ್ತು ಕಸ ಇಕ್ಕಟ್ಟಾಗಿಸಿದ್ದವು.

ಒಳನಾಡಿನಲ್ಲೂ ಹಳೆಯ ಲೆಕ್ಕ ತಪ್ಪುತ್ತಿದೆ. ಮಳೆಗಾಗಿ ಹಂಬಲಿಸುವ ವಿಜಯಪುರ, ಬಾಗಲಕೋಟೆ, ರಾಯಚೂರುಗಳ ಮಣ್ಣಿನ ಮಾಳಿಗೆಗಳು 2009ರ ಅತಿವೃಷ್ಟಿಯಲ್ಲಿ ಕುಸಿದು ಬಿದ್ದವು. ಮಳೆಯೊಡನೆಯೇ ಬಾಳಿದ ಕೊಡಗಿನಲ್ಲಿ 2018ರ ಆಗಸ್ಟ್‌ನಲ್ಲಿ ಗುಡ್ಡಗಳೇ ಜಾರಿದವು.

ಹೀಗಿರುವಾಗ ಮುಂಬಯಿಗರ ಎದೆಗಾರಿಕೆಯನ್ನು ಹೊಗಳುವ ಪರಿಪಾಠ ನನ್ನನ್ನು ಕಳವಳಗೊಳಿಸುತ್ತದೆ. ಅಂದು ಮನೆಬಾಗಿಲು ತೆರೆದು ಚಹಾ, ಬಿಸ್ಕತ್ತು ಕೊಟ್ಟವರ ಔದಾರ್ಯ ನಿಜವಾದದ್ದು. ಅದರ ಋಣ ನನ್ನ ಮೇಲೂ ಇದೆ. ಆದರೆ ಜನರ ತಾಳ್ಮೆಯನ್ನು ಹಾಡಿ ಹೊಗಳಿದಷ್ಟೂ ಕೆಲಸ ಮಾಡಬೇಕಾದವರಿಗೆ ನೆಮ್ಮದಿ. ಗಟಾರಗಳ ಸುಧಾರಣೆಯ ವರದಿ 1993ರಲ್ಲೇ ಸಿದ್ಧವಾಗಿತ್ತು. ಕೆಲಸ ಚುರುಕಾದದ್ದು 2005ರ ದುರಂತದ ನಂತರ. ಪಂಪಿಂಗ್ ಕೇಂದ್ರಗಳು ಬಂದವು, ಆದರೂ 2017ರ ಆಗಸ್ಟ್ 29ರಂದು ನಗರ ಮತ್ತೆ ನಿಂತುಹೋಯಿತು. ಮುಂಬಯಿ ಪ್ರಾಂತದ ಸೇವೆಯಲ್ಲಿ ಇಂಜಿನಿಯರಾಗಿದ್ದ ನಮ್ಮ ವಿಶ್ವೇಶ್ವರಯ್ಯನವರು 1908ರ ಮೂಸಿ ಪ್ರವಾಹದ ಬಳಿಕ ಹೈದರಾಬಾದಿಗೆ ಹೋದಾಗ ಜನರ ಸಹನೆಯನ್ನು ಶ್ಲಾಘಿಸಿ ಮರಳಲಿಲ್ಲ. ನೆರೆಯನ್ನು ತಡೆಯಲು ಜಲಾಶಯಗಳ ಯೋಜನೆಯನ್ನಿತ್ತರು. ಅವರ ಭಾವಚಿತ್ರಕ್ಕೆ ಹಾರ ಹಾಕುವ ಹೊರನಾಡ ಸಂಘಗಳು ಆ ಮಾರ್ಗವನ್ನೂ ನೆನೆಯಬೇಕು.

ನಮ್ಮಿಂದಾಗುವುದೇನು? ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಕೂಲಿ ಅರಸಿ ಬಂದ ಕನ್ನಡಿಗರಲ್ಲಿ ಅನೇಕರು ನಾಲೆಗಳ ಅಂಚಿನಲ್ಲೂ ಗುಡ್ಡಗಳ ಬುಡದಲ್ಲೂ ಗುಡಿಸಲು ಹಾಕಿದ್ದಾರೆ. 2021ರ ಜುಲೈ 18ರಂದು ಚೆಂಬೂರು, ವಿಕ್ರೋಲಿಗಳಲ್ಲಿ ಮಣ್ಣು, ಗೋಡೆ ಕುಸಿದದ್ದು ಅಂಥ ವಸತಿಗಳ ಮೇಲೆಯೇ. ಅವರು ನಮ್ಮ ಸದಸ್ಯರ ಪಟ್ಟಿಯಲ್ಲಿಲ್ಲ, ಯಕ್ಷಗಾನಕ್ಕೂ ರಾಜ್ಯೋತ್ಸವಕ್ಕೂ ಅವರಿಗೆ ಆಮಂತ್ರಣ ಹೋಗುವುದಿಲ್ಲ. ಹವಾಮಾನ ಇಲಾಖೆಯ ಕೆಂಪು ಎಚ್ಚರಿಕೆಯನ್ನೂ ಭರತದ ವೇಳೆಯನ್ನೂ ಕನ್ನಡದಲ್ಲಿ ಅವರ ಬಸ್ತಿಗಳಿಗೆ ಮುಟ್ಟಿಸುವುದು ದೊಡ್ಡ ವೆಚ್ಚದ ಕೆಲಸವಲ್ಲ. ಅಂಥ ರಾತ್ರಿಗಳಲ್ಲಿ ನಮ್ಮ ಸಭಾಗೃಹಗಳಿಗೆ ಬೀಗ ಹಾಕದಿರುವುದೂ ಕಷ್ಟವಲ್ಲ.

ಮುಂದಿನ ಮೃಗಶಿರಾ ಬಂದಾಗ ವಾಚನಾಲಯದಲ್ಲಿ ಯಾರ ಊರಿನ ಮಳೆ ದೊಡ್ಡದೆಂಬ ವಾದ ನಡೆಯಲಿ, ಬೇಡವೆನ್ನಲಾರೆ. ಅದಕ್ಕೆ ಮುನ್ನ ಬೀಗದ ಕೈ ಯಾರ ಬಳಿ ಇರಬೇಕು, ಯಾವ ಬಸ್ತಿಗೆ ಯಾರು ಹೋಗಬೇಕು ಎಂಬುದು ತೀರ್ಮಾನವಾಗಿರಲಿ.