ಒಂದು ಪದರ, ಎರಡು ಪದರ

ಹೋದ ವಾರ ಅಕ್ಕನ ಮಗಳು ನಮ್ಮ ಫ್ರಿಜ್ ಬಾಗಿಲಿನ ಮ್ಯಾಗ್ನೆಟ್ ಬೀಳಿಸಿ ಎರಡು ತುಂಡು ಮಾಡಿದಳು. ಎರಡೂ ಮತ್ತೆ ಬಾಗಿಲಿಗೆ ಅಂಟಿಕೊಂಡವು. "ಮಾಮ, ಇದನ್ನ ತೆಳ್ಳಗೆ ಮಾಡ್ತಾನೇ ಹೋದ್ರೆ ಯಾವಾಗ ಅಂಟೋದು ನಿಲ್ಲುತ್ತೆ?" ಅಂದಳು. ಲ್ಯಾಪ್‌ಟಾಪ್‌ನಿಂದ ತಲೆ ಎತ್ತದೆ, "ಪರಮಾಣುಗಳ ಒಂದೇ ಪದರ ಉಳಿದಾಗ ಶಕ್ತಿ ಹೋಗೇ ಹೋಗುತ್ತೆ" ಅಂದುಬಿಟ್ಟೆ. ಇಂಜಿನಿಯರಿಂಗ್ ಓದಿದ ಧೈರ್ಯ! ರಾತ್ರಿ ಅನುಮಾನ ಬಂದು ಓದಲು ಕೂತೆ. ನಾನು ಹೇಳಿದ್ದು ತಪ್ಪು.

ಹಾಗಂತ ತೀರಾ ದಡ್ಡ ಉತ್ತರವೂ ಅಲ್ಲ. ಅಯಸ್ಕಾಂತದೊಳಗಿನ ಪ್ರತಿ ಪರಮಾಣುವೂ ಒಂದು ಪುಟ್ಟ ಬಾಣ ಅಂದುಕೊಳ್ಳಿ. ಎಲ್ಲವೂ ಒಂದೇ ಕಡೆ ಮುಖ ಮಾಡಿದರೆ ಕಾಂತಶಕ್ತಿ. ಶಾಖ ಅವನ್ನು ಅಲುಗಾಡಿಸುತ್ತೆ. ಸುತ್ತಲಿನ ಬಾಣಗಳು ಹಿಡಿದು ನಿಲ್ಲಿಸುತ್ತವೆ. ಒಂದೇ ಪದರವಾದರೆ ಮೇಲೆ, ಕೆಳಗೆ ಹಿಡಿಯೋರೇ ಇಲ್ಲ. ಬಾಣಗಳಿಗೆ ಎಲ್ಲ ದಿಕ್ಕೂ ಸಮವಾಗಿದ್ದರೆ ಇಂಥ ಹಾಳೆಯಲ್ಲಿ ಚೂರು ಶಾಖವಿದ್ದರೂ ಶಿಸ್ತು ಉಳಿಯಲ್ಲ ಅಂತ ಮರ್ಮಿನ್ ಮತ್ತು ವ್ಯಾಗ್ನರ್ 1966ರಲ್ಲೇ ಗಣಿತದಿಂದ ತೋರಿಸಿದ್ದರು.

ನಾನು ಮರೆತದ್ದು ಆ 'ಸಮವಾಗಿದ್ದರೆ' ಅನ್ನೋ ಷರತ್ತನ್ನು. ಕ್ರೋಮಿಯಂ ಟ್ರೈಅಯೋಡೈಡ್ ಅನ್ನೋ ಹರಳಿನಲ್ಲಿ ಬಾಣಗಳಿಗೆ ಹಾಳೆಯಿಂದ ನೆಟ್ಟಗೆ ನಿಲ್ಲೋದೇ ಇಷ್ಟ. 2017ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯ ಮತ್ತು ಎಂಐಟಿಯ ವಿಜ್ಞಾನಿಗಳು ಅಂಟುಟೇಪಿನಿಂದ ಇದನ್ನು ಸುಲಿದು, ಒಂದೇ ಪದರ ತೆಗೆದು, ಲೇಸರ್ ಬೆಳಕಿನಲ್ಲಿ ಪರೀಕ್ಷಿಸಿದರು. ಅದು ಇನ್ನೂ ಅಯಸ್ಕಾಂತವೇ! ದಪ್ಪ ಹರಳಿನಲ್ಲಿ 61 ಕೆಲ್ವಿನ್‌ವರೆಗೆ ಇರುವ ಗುಣ, ಒಂದು ಪದರದಲ್ಲಿ 45 ಕೆಲ್ವಿನ್‌ವರೆಗೆ, ಅಂದರೆ ಮೈನಸ್ 228 ಡಿಗ್ರಿ ಸೆಲ್ಸಿಯಸ್‌ವರೆಗೆ ಉಳಿಯಿತು.

ನನ್ನ ನಿದ್ದೆ ಕೆಡಿಸಿದ್ದು ಮುಂದಿನ ಸಂಗತಿ. ಎರಡು ಪದರ ಇದ್ದರೆ ಶಕ್ತಿ ದುಪ್ಪಟ್ಟಾಗಬೇಕಲ್ವಾ? ಇಲ್ಲ, ಒಟ್ಟು ಸೊನ್ನೆ! ಮೇಲಿನ ಪದರದ ಬಾಣಗಳು ಒಂದು ಕಡೆ, ಕೆಳಗಿನವು ಅದಕ್ಕೆ ವಿರುದ್ಧ. ಮೂರು ಪದರವಾದರೆ ಮತ್ತೆ ಅಯಸ್ಕಾಂತ. ವಸ್ತು ಅದೇ, ಬದಲಾಗಿದ್ದು ಎಣಿಕೆ ಮಾತ್ರ.

ಹೊರಗಿನಿಂದ ಸುಮಾರು 0.65 ಟೆಸ್ಲಾ ಕಾಂತಕ್ಷೇತ್ರ ಕೊಟ್ಟರೆ ಜಗಳವಾಡುವ ಆ ಎರಡು ಪದರಗಳೂ ಒಂದೇ ಕಡೆ ತಿರುಗುತ್ತವೆ. ಆಗ ಅವುಗಳ ಮೂಲಕ ವಿದ್ಯುತ್ ಹೆಚ್ಚು ಸುಲಭವಾಗಿ ಹಾಯುತ್ತೆ. ನಮ್ಮಂಥ ಕೋಡ್ ಬರೆಯೋರಿಗೆ ತಕ್ಷಣ ಕಾಣೋದು 0 ಮತ್ತು 1. ಮೆಮೊರಿ ಚಿಪ್‌ನ ಆಸೆ ಹುಟ್ಟೋದು ಇಲ್ಲೇ. ಆದರೆ ಆ ಚಳಿ ಬೇಕು, ಗಾಳಿಯ ತೇವ ತಾಕಿದರೆ ಪದರ ಹಾಳು.

ಮರುದಿನ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. "ಹಾಗಾದ್ರೆ ಒಂದು ಪದರದ್ದನ್ನ ನಿಮ್ಮ ಫ್ರಿಜ್‌ಗೆ ಅಂಟಿಸೋಣ" ಅಂದಳು. ಫ್ರೀಜರ್‌ಗಿಂತ ಇನ್ನೂ 200 ಡಿಗ್ರಿ ತಣ್ಣಗಾಗಬೇಕು ಪುಟ್ಟಿ ಅಂದೆ. ಈ ಸಲ ಲೆಕ್ಕ ನೋಡಿಕೊಂಡೇ ಹೇಳಿದ್ದು.